ಮಾಯುವ ಕಲೆ

“ತೆಗೆದದ್ದನ್ನ ವಾಪಸ್ ಹಾಕೋಕಾಗುತ್ತಾ?”

ದನಿ ಬೆನ್ನ ಹಿಂದಿನಿಂದ ಬಂತು. ಅವನು ತಿರುಗಲಿಲ್ಲ. ಕಂಪ್ಯೂಟರಿನ ತುಂಬ ಯಾವನೋ ಮದುಮಗನ ಮೂಗು ಹರಡಿಕೊಂಡಿತ್ತು. ಅದರ ತುದಿಯ ಮೊಡವೆಯನ್ನು ಅರ್ಧ ಅಳಿಸಿದ್ದ. ಅರ್ಧ ಮೊಡವೆ ಬಿಟ್ಟು ಏಳುವುದು ಅವನಿಂದಾಗದ ಕೆಲಸ.

“ಭಾವ, ಔಷಧಿ ಅಂಗಡಿಯವರು ಬಂದಿದಾರೆ,” ಎಂದ ಭಾವಮೈದ, ಬಾಗಿಲಲ್ಲಿ ತಲೆ ತೂರಿಸಿ. “ಸ್ವಲ್ಪ ಅರ್ಜೆಂಟಂತೆ.”

ಸ್ಟುಡಿಯೊ ಭಾವಮೈದನದು. ಮುಂದಿನ ಕೋಣೆಯಲ್ಲಿ ಭಾವಮೈದ ಗಿರಾಕಿಗಳನ್ನು ನಗಿಸಿ ಫೋಟೋ ತೆಗೆಯುತ್ತಾನೆ. ಕಿಟಕಿಯಿಲ್ಲದ ಹಿಂದಿನ ಕೋಣೆಯಲ್ಲಿ ಅವನು ಅವರ ಮುಖ ತಿದ್ದುತ್ತಾನೆ. ಕಾಲೇಜಿನಲ್ಲಿ ತರ್ಕಶಾಸ್ತ್ರ ಪಾಠ ಮಾಡುತ್ತಿದ್ದವನು, ಓದುವವರಿಲ್ಲದೆ ವಿಭಾಗ ಮುಚ್ಚಿದ ಮೇಲೆ ಇಲ್ಲಿಗೆ ಬಂದು ಕೂತ. ಮನುಷ್ಯರೆಲ್ಲರೂ ಸಾಯುವವರು ಎಂದು ಬೋರ್ಡಿನ ಮೇಲೆ ಸಾಧಿಸಿ ತೋರಿಸುತ್ತಿದ್ದವನು ಈಗ ಅದೇ ಮನುಷ್ಯರ ವಯಸ್ಸು ಇಳಿಸುತ್ತಿದ್ದ.

ತಿರುಗಿ ನೋಡಿದ. ಔಷಧಿ ಅಂಗಡಿಯಾತ ಗೋಡೆಯಿಂದ ಇಳಿಸಿದ ದೊಡ್ಡ ಫ್ರೇಮನ್ನು ಎದೆಗವಚಿಕೊಂಡು ನಿಂತಿದ್ದ. ಒಳ್ಳೆಯ ಮನುಷ್ಯ. ಹೊಟ್ಟೆಯುರಿಗೆ ಮಾತ್ರೆ ಕೊಡುವಾಗಲೆಲ್ಲ “ಟೀ ಕಡಿಮೆ ಮಾಡಿ ಸಾರ್” ಎನ್ನುವವನು. ಫ್ರೇಮಿನೊಳಗೆ ಆತ, ಆತನ ಪಕ್ಕದಲ್ಲಿ ಹೆಂಡತಿ.

“ನಮ್ಮನೆಯವಳು ಕಾಣ್ತಿಲ್ಲ ಸಾರ್. ಹೋದ ವಾರದಿಂದ.”

“ಓ,” ಎಂದ ಅವನು.

“ಅವಳದ್ದು ಅಂತ ಒಳ್ಳೆ ಫೋಟೋ ಇರೋದು ಇದೊಂದೇ. ಠಾಣೆಯಲ್ಲಿ ತೋರಿಸಿದ್ರೆ, ‘ಏನ್ರೀ, ಇದು ಹೆಂಡತಿಯೋ ಕ್ಯಾಲೆಂಡರೋ? ಮುಖದ ಮೇಲೆ ಗುರುತು ಅಂತ ಒಂದಾದ್ರೂ ಬೇಡ್ವಾ?’ ಅಂದ್ರು. ತುಟಿ ಹತ್ರ ಒಂದು ಗೆರೆ ಇತ್ತಲ್ಲ, ಕೆನ್ನೆ ಮೇಲೆ ಮಚ್ಚೆ. ಅವನ್ನ ಹಾಕಿಕೊಟ್ರೆ ಇವತ್ತೇ ಪೋಸ್ಟರ್ ಅಂಟಿಸ್ತೀನಿ.”

ಅವನಿಗೆ ಗೆರೆ ನೆನಪಿತ್ತು. ಅಳಿಸಿದ್ದವನು ತಾನೇ.

ಕಳೆದ ವರ್ಷದ ಮಾತು. ಗಂಡ ಗಾಡಿ ನಿಲ್ಲಿಸಲು ಹೋಗಿದ್ದಾಗ ಆಕೆ ಈ ಕೋಣೆಯ ಬಾಗಿಲಿಗೆ ಬಂದು, “ಮುಖ ಸರಿಮಾಡೋರು ನೀವೇನಾ?” ಎಂದು ಕೇಳಿದ್ದಳು. ಹೌದೆಂದ. “ನಂದು ಇದ್ದ ಹಾಗೇ ಇರಲಿ. ಏನೂ ತೆಗೀಬೇಡಿ.” ಸಂಕೋಚದ ಹೆಂಗಸು, ದೊಡ್ಡಸ್ತಿಕೆ ಬೇಡದವಳು ಎಂದುಕೊಂಡಿದ್ದ. ಆಮೇಲೆ ಗಂಡ ಬಂದು, “ಪೂರ್ತಿ ಕ್ಲೀನ್ ಇರಲಿ ಸಾರ್, ಗೋಡೆ ಮೇಲೆ ಹಾಕೋದು,” ಎಂದ. “ಗೆರೆ ಇರಲಿ, ಅದು ಅವರ ಗುರುತು,” ಎಂದು ಅವನು ಒಂದು ಮಾತು ಹೇಳಿನೋಡಿದ. ತನ್ನ ನಿಯಮವನ್ನೂ ವಿವರಿಸಿದ: ಹದಿನೈದು ದಿನದಲ್ಲಿ ಮಾಯುವಂಥದ್ದನ್ನು ತೆಗೆಯಬೇಕು, ಸಾಯುವ ತನಕ ಇರುವಂಥದ್ದನ್ನು ಬಿಡಬೇಕು. ಆತ ತಲೆದೂಗಿ ಕೇಳಿ, “ಚೆನ್ನಾಗಿ ಹೇಳಿದ್ರಿ. ಆದ್ರೂ ತೆಗೆದುಬಿಡಿ,” ಎಂದ.

ಗೆರೆ ತೆಗೆಯುವಾಗ ಕೈ ಹಿಂಜರಿದಿತ್ತು. ಇನ್ನೊಂದನ್ನು ತೆಗೆಯುವಾಗ ಹಿಂಜರಿಯಲಿಲ್ಲ. ಪೌಡರಿನ ಅಡಿಯಲ್ಲಿ, ಬಲ ದವಡೆಯ ಮೇಲೆ, ಹೆಬ್ಬೆರಳಗಲದ ಹಳದಿ ಹಸಿರು ಕಲೆ. ಎಡಕ್ಕೆ, ಕಿವಿಯ ಕೆಳಗೆ, ಅಂಥವೇ ಮೂರು, ಸಾಲಾಗಿ. ಒಂದು ಕೈ ಆ ಮುಖವನ್ನು ಹೇಗೆ ಹಿಡಿದಿತ್ತೆಂದು ತಿಳಿಯಲು ತರ್ಕಶಾಸ್ತ್ರ ಓದಬೇಕಾಗಿರಲಿಲ್ಲ. ಆದರೆ ಅದು ಮಾಯುವಂಥದ್ದು. ಮಾಯುವಂಥದ್ದನ್ನು ತೆಗೆಯಬೇಕು. ತೆಗೆದ. ಆಮೇಲೆ ಟೀ ಕುಡಿದ.

ಪ್ರಿಂಟು ಒಯ್ಯಲು ಬಂದಾಗ ಆಕೆ ಚಿತ್ರವನ್ನು ತುಂಬ ಹೊತ್ತು ನೋಡಿ, “ಚೆನ್ನಾಗಿದ್ದಾರೆ,” ಎಂದಳು. ಬೇರೆ ಯಾರ ಬಗ್ಗೆಯೋ ಹೇಳುವ ಹಾಗೆ.

“ಹಳೇದು ಉಳಿದಿರಲ್ಲ,” ಎಂದ ಅವನು ಈಗ. “ಮಿಷಿನ್ ಬದಲಾಯ್ತು.”

“ಇದೆ ಭಾವ!” ಮುಂದಿನ ಕೋಣೆಯಿಂದ ಭಾವಮೈದ ಕೂಗಿದ. “ನಾವು ಯಾವುದನ್ನೂ ಅಳಿಸಿಲ್ಲ. ಹಳೇ ಫೋಲ್ಡರಲ್ಲಿ ನೋಡಿ.”

ನೋಡಲೇಬೇಕಾಯಿತು. ಔಷಧಿ ಅಂಗಡಿಯಾತ ಸ್ಟೂಲು ಎಳೆದುಕೊಂಡು ಭುಜಕ್ಕೆ ಭುಜ ತಾಗುವಷ್ಟು ಹತ್ತಿರ ಕೂತ. ಆತನ ಅಂಗಿಯಿಂದ ಅಂಗಡಿಯ ವಾಸನೆ ಬರುತ್ತಿತ್ತು, ಸ್ಪಿರಿಟ್ಟು, ಕೆಮ್ಮಿನ ಔಷಧಿ. ಚಿತ್ರ ತೆರೆದುಕೊಂಡಿತು. ಗೆರೆ ಇತ್ತು. ಮಚ್ಚೆ ಇತ್ತು. ಕಣ್ಣಿನ ಕೆಳಗೆ ಕಪ್ಪು ಇತ್ತು. ಅದೂ ಇತ್ತು.

ಇಬ್ಬರೂ ನೋಡಿದರು. ಫ್ಯಾನು ತಿರುಗುತ್ತಿತ್ತು.

“ಬಾಗಿಲು ತಾಗಿತ್ತು,” ಎಂದ ಆತ, ಪ್ರಶ್ನೆಗೆ ಉತ್ತರ ಕೊಡುವ ಹಾಗೆ.

ಅವನು ಕೇಳಿರಲಿಲ್ಲ.

“ಅವಳಿಗೆ ಮೈಮೇಲೆ ಗ್ಯಾನ ಕಡಿಮೆ ಸಾರ್. ನಡೆಯೋದೊಂದು ಕಡೆ, ನೋಡೋದೊಂದು ಕಡೆ.” ಆತನ ದನಿ ಮಾತ್ರೆ ಕೊಡುವಾಗಿನಷ್ಟೇ ಮೆತ್ತಗಿತ್ತು. “ಇದನ್ನೇ ಪ್ರಿಂಟ್ ಹಾಕಿಸಿಬಿಡಿ. ಆ ಕಲೆಯೊಂದು ಬೇಡ. ಅದು ಈಗ ಇರಲ್ವಲ್ಲ? ಮಾಯೋದು ಬೇಡ, ಇರೋದು ಸಾಕು. ನೀವೇ ಹೇಳಿದ್ದು.”

ತನ್ನ ಮಾತು ಇನ್ನೊಬ್ಬರ ಬಾಯಿಂದ ಇಷ್ಟು ಸರಿಯಾಗಿ ಬಂದದ್ದನ್ನು, ಪಾಠ ಮಾಡುತ್ತಿದ್ದಾಗಲೂ ಅವನು ಕೇಳಿರಲಿಲ್ಲ.

“ಒಂದ್ನಿಮಿಷ,” ಎಂದು ಎದ್ದ.

ಹಿತ್ತಲ ಬಾಗಿಲಲ್ಲಿ ನಿಂತು ಹೆಂಡತಿಗೆ ಫೋನ್ ಮಾಡಿದ.

“ಎಲ್ಲಿದೀಯ?”

“ಆಫೀಸಲ್ಲಿ. ಇನ್ನೆಲ್ಲಿರ್ತೀನಿ? ಯಾಕೆ?”

“ಸುಮ್ನೆ.”

“ಹೊಟ್ಟೆ ಉರೀತಿದೆಯಾ?”

“ಇಲ್ಲ.”

“ಮತ್ತೆ?”

ಹೆಂಡತಿಯ ಮುಖವನ್ನು ನೆನಪಿಸಿಕೊಳ್ಳಲು ನೋಡಿದ. ಹುಬ್ಬಿನ ಬಳಿ ಏನೋ ಒಂದು ಗುರುತಿತ್ತು, ಯಾವ ಹುಬ್ಬು? ಅಥವಾ ಅದು ನಿನ್ನೆ ತಿದ್ದಿದ ಯಾರದೋ ಮುಖವೋ? “ಸರಿ, ಇಡು,” ಎಂದಳು ಹೆಂಡತಿ. ಅವಳೇ ಇಟ್ಟಳು.

ಭಾವಮೈದ ಅಷ್ಟರಲ್ಲಿ ಪಕ್ಕಕ್ಕೆ ಬಂದಿದ್ದ. “ಏನು ಭಾವ, ಮುಖ ಹಿಂಗ್ಯಾಕೆ?”

“ಆ ಹೆಂಗಸು ತಾನಾಗೇ ಹೋಗಿರಬಹುದು.”

“ಇರಬಹುದು. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತಾರೆ. ಈಯಮ್ಮ ಊಟಕ್ಕೆ ಮುಂಚೆ ಎದ್ದಿರಬೇಕು.” ತನ್ನ ಜೋಕಿಗೆ ತಾನೇ ನಕ್ಕ.

“ಆಕೆ ಸಿಗಲಿ ಅನ್ನೋದೋ, ಸಿಗದಿರಲಿ ಅನ್ನೋದೋ, ನಾವು…”

“ನಾವಾ? ನಮಗ್ಯಾಕೆ ಭಾವ ಊರ ಉಸಾಬರಿ? ಬಂದ ಮುಖಕ್ಕೆ ಪೌಡರ್ ಹಚ್ಚೋದು ನಮ್ಮ ಕೆಲಸ.” ಭಾವಮೈದ ನಗು ನಿಲ್ಲಿಸಿ ಅವನನ್ನು ನೋಡಿದ. “ನಿಮಗೆ ಏನಾದ್ರೂ ಗೊತ್ತಾ?”

“ನಂಗೇನು ಗೊತ್ತು?”

“ಮತ್ತಿನ್ನೇನು. ಕೊಟ್ಟು ಕಳಿಸಿ.”

ಕಲೆಯನ್ನು ಅವನು ಎರಡನೇ ಸಲ ತೆಗೆದ. ಔಷಧಿ ಅಂಗಡಿಯಾತ ಪಕ್ಕದಲ್ಲೇ ಕೂತು, ಬೆರಳ ಗುರುತುಗಳು ಒಂದೊಂದಾಗಿ ಮಾಯವಾಗುವುದನ್ನು ಪರೀಕ್ಷೆಗೆ ಕೂತವನ ಹಾಗೆ ನೋಡಿದ. ಕೊನೆಯದು ಹೋದಾಗ ಉಸಿರು ಬಿಟ್ಟ.

“ಆಯ್ತಲ್ಲ?”

“ಸ್ವಲ್ಪ ಮಸುಕಾಗಿದೆ. ಸರಿಮಾಡ್ತೀನಿ,” ಎಂದ ಅವನು.

ಎಲ್ಲೂ ಮಸುಕಾಗಿರಲಿಲ್ಲ. ಅವನ ಕೈ ಅವನಿಗಿಂತ ಮುಂಚೆ ಹೊರಟಿತ್ತು. ಕಣ್ಣುಗಳ ನಡುವಿನ ಅಂತರವನ್ನು ಕೂದಲೆಳೆಯಷ್ಟು ಅಗಲಿಸಿತು. ಮೂಗಿನ ಬುಡವನ್ನು ಒತ್ತಿತು. ಗಲ್ಲವನ್ನು ಚೂರು ಕೆಳಗಿಳಿಸಿತು. ಎಲ್ಲಿ ಏನು ಬದಲಾಯಿತೆಂದು ಯಾರೂ ಬೆರಳಿಟ್ಟು ತೋರಿಸಲಾಗದಷ್ಟು. ಗೆರೆ ನಿಜ, ಮಚ್ಚೆ ನಿಜ, ಕಣ್ಣಡಿಯ ಕಪ್ಪು ನಿಜ. ಅವನ್ನು ಹೊತ್ತ ಮುಖ ಮಾತ್ರ ಬೇರೆ ಯಾರದೋ. ಪರದೆಯಿಂದ ಕಣ್ಣು ತೆಗೆಯದೆ ಕಾದ. ಈಗ ಆತ ಎದ್ದು ಕುತ್ತಿಗೆಪಟ್ಟಿ ಹಿಡಿಯುತ್ತಾನೆ. ಈಗ ಕೇಳುತ್ತಾನೆ, ಇದ್ಯಾರು?

ಆತ ಬಾಗಿದ. ಬಾಗಿಯೇ ಇದ್ದ.

“ಈಗ ಸರಿಹೋಯ್ತು ನೋಡಿ,” ಎಂದ. “ಇವಳೇ. ಥೇಟ್ ಇವಳೇ.” ಕಣ್ಣಲ್ಲಿ ನೀರಿತ್ತು. ಅದು ನಾಟಕದ ನೀರಲ್ಲ ಎಂಬುದು ಅವನಿಗೆ ಗೊತ್ತಾಯಿತು; ಅದೇ ಹೆಚ್ಚು ಹೆದರಿಸಿತು.

ಆತ ಅವನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡ. ಹೆಬ್ಬೆರಳು ಒಂದು ಕಡೆ, ಉಳಿದ ಬೆರಳು ಇನ್ನೊಂದು ಕಡೆ. ಬೆಚ್ಚಗಿನ, ಮೃದುವಾದ ಹಿಡಿತ. ಬಿಟ್ಟಾಗ ಚರ್ಮದ ಮೇಲೆ ಏನೂ ಉಳಿಯಲಿಲ್ಲ.

ಮುಂದಿನ ಕೋಣೆಯಲ್ಲಿ ಪ್ರಿಂಟರು ಕೆಲಸ ಶುರುಮಾಡಿತು. ಅವನು ಮದುಮಗನ ಅರ್ಧ ಮೊಡವೆಗೆ ಮರಳಿದ. ತಾನು ಮಾಡಿದ್ದು ಧೈರ್ಯವೋ ಪುಕ್ಕಲುತನವೋ ಎಂದು ಯೋಚಿಸಿದ. ಎದುರಿಗೆ ಕೂತವನಿಗೆ ‘ಇದು ಬಾಗಿಲಲ್ಲ’ ಎಂಬ ಎರಡು ಪದ ಹೇಳಲಾಗದೆ ಒಂದು ಗಲ್ಲವನ್ನು ಕೆಳಗಿಳಿಸಿದ್ದ. ಅಷ್ಟಕ್ಕೂ ಕಟ್ಟಿಕೊಂಡವನೇ ಗುರುತು ಹಿಡಿದ ಮೇಲೆ, ಬೀದಿಯವರು ಹಿಡಿಯುವುದಿಲ್ಲ ಎಂಬುದಕ್ಕೆ ಏನು ಆಧಾರ? ಅಥವಾ ಆತ ಆಕೆಯ ಮುಖವನ್ನು ಯಾವತ್ತೂ ನೋಡಿಯೇ ಇರಲಿಲ್ಲವೋ? ಎರಡು ಆಧಾರವಾಕ್ಯಗಳೂ ನಿಂತಿದ್ದವು. ತೀರ್ಮಾನ ಬರಲಿಲ್ಲ.

ಸಂಜೆ ಬಸ್‌ಸ್ಟ್ಯಾಂಡಿಗೆ ಬಂದಾಗ ಗೋಡೆಯ ಮೇಲೆ ಅದು ಆಗಲೇ ಇತ್ತು. ‘ಕಾಣೆಯಾಗಿದ್ದಾರೆ.’ ಕೆಳಗೆ ಔಷಧಿ ಅಂಗಡಿಯ ಫೋನ್ ನಂಬರು. ಗೋಂದು ಇನ್ನೂ ಹಸಿಯಾಗಿತ್ತು. ಅಂಟಿಸಿದವರು ಅವಸರದಲ್ಲಿ ಅಂಟಿಸಿದ್ದರು. ಹಣೆಯ ಮೇಲೆ ಕಾಗದ ಸುಕ್ಕು ಬಿದ್ದು ಎದ್ದು ನಿಂತಿತ್ತು.

ಅವನ ಅಂಗೈ ತಾನಾಗಿ ಮೇಲೆದ್ದು ಆ ಸುಕ್ಕನ್ನು ಒತ್ತಿತು.

“ನಿಮ್ಮನೆಯವರಾ?”

ತರಕಾರಿ ಚೀಲ ಹಿಡಿದ ನಡುವಯಸ್ಸಿನ ಹೆಂಗಸೊಬ್ಬಳು ಪಕ್ಕದಲ್ಲಿ ನಿಂತಿದ್ದಳು. ಅವನು ಸುಕ್ಕನ್ನು ಇನ್ನಷ್ಟು ಒತ್ತಿದ.

“ಅಯ್ಯೋ ಪಾಪ. ಸಿಗ್ತಾರೆ ಬಿಡಿ. ಎಲ್ಲಿಗೆ ಹೋಗ್ತಾರೆ?” ಆಕೆ ಕತ್ತು ಓರೆಮಾಡಿ ಚಿತ್ರವನ್ನು ನೋಡಿದಳು. “ತಾಳಿ, ಈ ಮುಖ ಎಲ್ಲೋ ನೋಡಿದೀನಲ್ಲ.”

“ಎಲ್ಲಿ?” ದನಿ ಅವನದೆಂದು ಅವನಿಗೇ ಅನ್ನಿಸಲಿಲ್ಲ.

“ಇತ್ತೀಚೆಗೇ ನೋಡಿದೀನಿ. ತುಟಿ ಹತ್ರ ಹೀಗೇ ಗೆರೆ… ಎಲ್ಲಿ ಅಂತ ನೆನಪಾದ ತಕ್ಷಣ ಫೋನ್ ಮಾಡ್ತೀನಿ.” ಆಕೆ ಚೀಲ ಕೆಳಗಿಟ್ಟು, ಫೋನ್ ತೆಗೆದು, ನಂಬರನ್ನು ಒಂದೊಂದೇ ಅಂಕಿಯಾಗಿ ಓದಿಕೊಳ್ಳತೊಡಗಿದಳು. “ಸ್ವಲ್ಪ ಕೈ ತೆಗೀತೀರಾ? ನಂಬರಿಗೆ ಅಡ್ಡ ಬರ್ತಿದೆ.”

ಅವನು ಕೈ ತೆಗೆಯಲಿಲ್ಲ. ಒತ್ತಿದ ಸುಕ್ಕು ಹಣೆಯಿಂದ ಜಾರಿ ಕೆನ್ನೆಗಿಳಿದಿತ್ತು. ಕೆನ್ನೆಯಲ್ಲಿ ಒತ್ತಿದ, ತುಟಿಯ ಮೇಲೆ ಎದ್ದಿತು. ಅಲ್ಲಿಂದ ದವಡೆಗೆ. ಅವನು ಎರಡೂ ಕೈಯಿಂದ ಆ ಮುಖವನ್ನು ಹಿಡಿದುಕೊಂಡು, ಹೆಬ್ಬೆರಳುಗಳಿಂದ ಒತ್ತುತ್ತ ಹೋದ. ಹಸಿ ಕಾಗದದಡಿಯಲ್ಲಿ ಸುಕ್ಕು ಉಸಿರಿದ್ದ ಹಾಗೆ ಒಂದು ಕಡೆ ಇಳಿದು ಇನ್ನೊಂದು ಕಡೆ ಏಳುತ್ತಲೇ ಇತ್ತು.