ಮೀಲಿ ಗೆದ್ದ ಜಾಗ

ಮೈಕಿನ ಮುಂದೆ ನಾನು ಎಂಜಲು ನುಂಗುವ ಸದ್ದು ಇಡೀ ಮೈದಾನಕ್ಕೆ ಕೇಳಿಸುತ್ತದೆಯೇ? ಬಹಳ ದಿನಗಳಿಂದ ಇದೇ ಚಿಂತೆ. ಯಾರನ್ನೂ ಕೇಳಿಲ್ಲ. ಕೇಳಿದರೆ ಅಲ್ಲಿಂದಾಚೆಗೆ ಎಲ್ಲರೂ ಅದಕ್ಕೇ ಕಿವಿಗೊಟ್ಟು ಕೂತುಬಿಡುತ್ತಾರೆ.

ಪ್ಲಾತಾನಾ ಊರಿನ ಆರಿಸ್ ಫುಟ್‌ಬಾಲ್ ತಂಡದ ಆಟಗಳಿಗೆ ಘೋಷಣೆ ಮಾಡುವವಳು ನಾನು. ಅಪ್ಪ ಸಂಘದ ಉಪಾಧ್ಯಕ್ಷ. ಯಾನ್ನಿನಾ ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿ ಬಂದು, ಕೆಲಸವಿಲ್ಲದೆ ಮನೆಯಲ್ಲಿ ಡೈರಿ ಬರೆಯುತ್ತ ಕೂತಿದ್ದವಳನ್ನು ಅವನೇ ಒಯ್ದು ಗ್ಯಾಲರಿಯ ಮೇಲಿನ ತಗಡಿನ ಗೂಡಿನಲ್ಲಿ ಕೂರಿಸಿದ. ಅಲ್ಲಿ ನನ್ನ ಮುಖ ಯಾರಿಗೂ ಕಾಣುವುದಿಲ್ಲವೆಂದು ಒಪ್ಪಿಕೊಂಡೆ. ಕೊಟ್ಟದ್ದನ್ನು ಓದುತ್ತೇನೆ: ಆಟಗಾರರ ಹೆಸರು, ಬದಲಿ ಬಂದವರ ಹೆಸರು, ಅಧ್ಯಕ್ಷರ ಹತ್ತಿ ಗಿರಣಿಯ ಜಾಹೀರಾತು.

ಕಳೆದ ಮೇ ತಿಂಗಳಲ್ಲಿ ನಮ್ಮ ಆರಿಸ್ ಮೂರನೆಯ ರಾಷ್ಟ್ರೀಯ ಲೀಗಿನಿಂದ ಜಿಲ್ಲೆಯ ಲೀಗಿಗೆ ಬಿತ್ತು. ಬಿದ್ದ ರೀತಿಯೂ ಹೇಸಿಗೆ. ಕೊನೆಯ ಆಟದಲ್ಲಿ ನಮ್ಮವರು ಚೆಂಡಿನ ಹಿಂದೆ ಓಡಲೂ ಇಲ್ಲ. ಅದೇ ಬೇಸಿಗೆಯಲ್ಲಿ ಅಮ್ಮನ ತವರಾದ ಮೀಲಿಯ ತಂಡ ಜಿಲ್ಲೆಯನ್ನು ಗೆದ್ದು, ಬೇರೆ ಜಿಲ್ಲೆಗಳಲ್ಲಿ ಗೆದ್ದು ಬಂದವರನ್ನೂ ಸೋಲಿಸಿ, ಮೂರನೆಯ ಲೀಗಿಗೆ ಏರಿತು. ಮೀಲಿಯೆಂದರೆ ಒಂದು ಚರ್ಚು, ಒಂದು ಕಾಫಿ ಅಂಗಡಿ, ಹುಲ್ಲೇ ಇಲ್ಲದ ಕಲ್ಲುಮಣ್ಣಿನ ಮೈದಾನ. ಕೊನೆಯ ಪೆನಾಲ್ಟಿಯನ್ನು ಹಿಡಿದವನು ನನ್ನ ಸೋದರಮಾವ ಲಾಂಬ್ರೋಸನ ಮಗ ಸ್ತೆರ್ಗಿಯೋಸ್. ಹಗಲೆಲ್ಲ ಹತ್ತಿ ಹೊಲಕ್ಕೆ ನೀರು ಹಾಯಿಸಿ ಸಂಜೆ ಗೋಲು ಕಾಯುವವನು. ಅವನನ್ನು ಟ್ರ್ಯಾಕ್ಟರಿನ ಮೇಲೆ ಊರು ಸುತ್ತಿಸಿದರು. ಅಮ್ಮನೂ ಮೇಲೇರಿ ಅವನ ಪಕ್ಕದಲ್ಲಿ ಕೂತಿದ್ದಳು.

ನಮ್ಮ ಲೀಗಿನ ಚರಿತ್ರೆ ಬರೆಯಹೊರಟರೆ ತಲೆ ತಿರುಗುತ್ತದೆ. ನಾಲ್ಕನೆಯ ದರ್ಜೆ ಅಂತ ಒಂದಿತ್ತು, ಒಂದು ಬೇಸಿಗೆ ಕಳೆಯುವುದರೊಳಗೆ ಇಲ್ಲವಾಯಿತು. ಮೂರನೆಯದನ್ನು ಉತ್ತರ, ದಕ್ಷಿಣ ಎಂದು ಸೀಳಿದ್ದರು. ಆಮೇಲೆ ಸೀಮೆಗೊಂದು ಗುಂಪಾಯಿತು, ಆ ಗುಂಪುಗಳೂ ವರ್ಷವರ್ಷ ಬದಲಾದವು. ಬದಲಾಗದೆ ಉಳಿದದ್ದು ಬೇಸಿಗೆಯ ಮದುವೆಗಳು ಮಾತ್ರ. ಬಿದ್ದ ದೊಡ್ಡೂರಿನ ತಂಡ, ಏರಿದ ಹಳ್ಳಿಯ ತಂಡವನ್ನು ತನ್ನಲ್ಲಿ ವಿಲೀನ ಮಾಡಿಕೊಳ್ಳುತ್ತದೆ. ಹಳ್ಳಿ ಗೆದ್ದ ಜಾಗ ವರದಕ್ಷಿಣೆಯ ಹಾಗೆ ದೊಡ್ಡೂರಿಗೆ ಹೋಗುತ್ತದೆ. ಮೊದಲ ವರ್ಷ ಎರಡು ಹೆಸರು, ನಡುವೆ ಒಂದು ಗೆರೆ. ಮರುವರ್ಷ ಗೆರೆಯೂ ಇರುವುದಿಲ್ಲ, ಎರಡನೆಯ ಹೆಸರೂ ಇರುವುದಿಲ್ಲ. ಕಾನೂನಿನಲ್ಲಿ ಎಲ್ಲ ಸರಿಯಾಗಿದೆ. ಕಳ್ಳತನ ಅಂತ ಯಾರೂ ಅನ್ನುವುದಿಲ್ಲ.

ಜುಲೈಯಲ್ಲಿ ನಮ್ಮ ಅಧ್ಯಕ್ಷ ಥ್ರಾಸಿವೂಲೋಸ್ ಕಾರ್ತ್ಸೋನಾಸ್ ಮೀಲಿಯ ಕಾಫಿ ಅಂಗಡಿಗೆ ಹೋಗಿ ಕೂತ. ಮರುದಿನ ಲಾಂಬ್ರೋಸ್ ಮಾವ ನಮ್ಮ ಮನೆಗೆ ಬಂದ. ಮೀಲಿ ಸಂಘಕ್ಕೆ ಅವನೇ ಮುಖ್ಯಸ್ಥ.

“ಮೂರನೇ ಲೀಗಿಗೆ ಹುಲ್ಲಿನ ಮೈದಾನ ಬೇಕಂತೆ, ಡಾಕ್ಟ್ರು ಬೇಕಂತೆ, ದೂರದೂರಿಗೆ ಬಸ್ಸು ಬೇಕಂತೆ. ಎಲ್ಲಿಂದ ತರೋಣ ಅಕ್ಕ? ಎರಡೂ ಹೆಸರು ಇರುತ್ತೆ ಅಂದಿದಾನೆ ನಿಮ್ ಅಧ್ಯಕ್ಷ. ಅರ್ಧ ಆಟ ಮೀಲೀಲೇ ಅಂತೆ. ನಮ್ ಹುಡುಗ್ರೇ ಆಡ್ತಾರಂತೆ.”

“ಅವನು ಅಂದ, ನೀನು ಸಹಿ ಹಾಕಿಬಿಟ್ಟೆ,” ಎಂದಳು ಅಮ್ಮ.

“ಎಲ್ರೂ ಕೈ ಎತ್ತಿದ್ರು. ನಾನೂ ಎತ್ತಿದೆ.”

ಅಪ್ಪ ಟಿವಿಯಿಂದ ಕಣ್ಣು ಕೀಳಲಿಲ್ಲ. ಅವನಿಗೆ ಮೊದಲೇ ಗೊತ್ತಿತ್ತು.

ಗೆರೆ ಅಳಿಯಲು ಮರುವರ್ಷದವರೆಗೂ ಕಾಯಬೇಕಾಗಲಿಲ್ಲ. ಆಗಸ್ಟಿನಲ್ಲೇ ಗೋಡೆಗೋಡೆಯ ಪೋಸ್ಟರಿನಲ್ಲಿ ಆರಿಸ್ ಎಂಬ ಒಂದೇ ಹೆಸರು. ಮೀಲಿಯ ಹುಡುಗರನ್ನು ಅಭ್ಯಾಸಕ್ಕೆ ಕರೆದಂತೆ ಮಾಡಿ ವಾಪಸು ಕಳಿಸಿದರು. ಸ್ತೆರ್ಗಿಯೋಸನೊಬ್ಬನನ್ನು ಮೂರನೆಯ ಗೋಲ್‌ಕೀಪರ್ ಎಂದು ಉಳಿಸಿಕೊಂಡರು. ಮೂರನೆಯ ಗೋಲ್‌ಕೀಪರ್ ಎಂದರೆ ನೀರಿನ ಬಾಟಲಿ ಹೊರುವವನು.

ಮೊದಲ ಆಟದ ಹಿಂದಿನ ದಿನ ಅಧ್ಯಕ್ಷ ಎಲ್ಲರಿಗೂ ಊಟ ಹಾಕಿಸಿದ. ಕರುಳು ಸುತ್ತಿ ಕೆಂಡದ ಮೇಲೆ ಸುಟ್ಟ ಕೊಕೊರೆತ್ಸಿ, ಕುರಿಯ ಪಕ್ಕೆಲುಬು, ಜಗ್ಗಿನ ತುಂಬ ವೈನ್. ಅವನ ಗಲ್ಲದಿಂದ ಕೊಬ್ಬು ಇಳಿಯುತ್ತಿತ್ತು. ತಾನು ಕಚ್ಚಿದ್ದ ತುಂಡಿನಿಂದಲೇ ಒಂದಿಷ್ಟನ್ನು ಬೆರಳಲ್ಲಿ ಹರಿದು ನನ್ನ ತಟ್ಟೆಗೆ ಹಾಕಿದ.

“ತಿನ್ನೇ ಮಗಳೇ. ಹಿಂಗಿದ್ರೆ ನಿನಗಿಂತ ಮೈಕೇ ದಪ್ಪ ಕಾಣುತ್ತೆ.”

ಎಲ್ಲರೂ ನಕ್ಕರು. ಆಮೇಲೆ ಬೆರಳು ನೆಕ್ಕಿಕೊಂಡು ಅದೇ ಬೆರಳಿಂದ ಜೇಬಿನ ಕಾಗದ ತೆಗೆದುಕೊಟ್ಟ. ನಾಳೆ ಓದಬೇಕಾದ್ದು. ‘ಹೋರಾಡಿ ಗೆದ್ದು ತನ್ನ ಜಾಗಕ್ಕೆ ಮರಳಿದ ನಮ್ಮ ಆರಿಸ್’ ಎಂಬ ಸಾಲಿನ ಮೇಲೆ ಅವನ ಹೆಬ್ಬೆರಳಿನ ಜಿಡ್ಡು ಹರಡಿತ್ತು.

“ಅಧ್ಯಕ್ಷರೇ, ಮೀಲಿ ಹೆಸರು...”

“ಏನಂದೆ?”

“ಏನಿಲ್ಲ.”

“ಬಿಡಿ, ಅವಳು ಮಾತಾಡೋದು ಮೈಕಿನ ಹತ್ರ ಮಾತ್ರ,” ಎಂದ ಅಪ್ಪ. ಮತ್ತೆ ನಗು. ಬಾಯಲ್ಲಿದ್ದ ತುಂಡು ಒಳಗೂ ಹೋಗಲಿಲ್ಲ, ಉಗಿಯುವ ಧೈರ್ಯವೂ ಬರಲಿಲ್ಲ. ಕಣ್ಣು ಮುಚ್ಚಿ ನುಂಗಿದೆ. ಬೆಳಗಿನವರೆಗೂ ಗಂಟಲಲ್ಲಿ ಕೊಬ್ಬು ಹೆಪ್ಪುಗಟ್ಟಿದಂತಿತ್ತು.

ಭಾನುವಾರ ಮಧ್ಯಾಹ್ನ ಗೂಡಿನ ಮೆಟ್ಟಿಲು ಹತ್ತುವಾಗ, ಸಂಘದ ಕಸ ಗುಡಿಸುವ ಕೂಲಾ ಅತ್ತೆ ಗಣ್ಯರ ಕುರ್ಚಿಗಳ ಮೇಲಿನ ಪಾರಿವಾಳದ ಹಿಕ್ಕೆ ಒರೆಸುತ್ತಿದ್ದಳು. ಕೈಯಲ್ಲಿದ್ದದ್ದು ಹಳದಿ ಅಂಗಿ. ಎದೆಯ ಮೇಲೆ ನೀರಿನ ಗಿರಣಿಯ ಚಕ್ರ, ಮೀಲಿಯ ಗುರುತು.

“ಅತ್ತೆ, ಇದೆಲ್ಲಿ ಸಿಕ್ತು?”

“ಅಲ್ಲೊಂದು ಮೂಟೆ ಬಿಸಾಕಿದಾರೆ ಕಣೇ. ಒರೆಸೋಕೆ ಇಟ್ಕೊ ಅಂದ್ರು ಅಧ್ಯಕ್ಷರು. ಒಳ್ಳೆ ಬಟ್ಟೆ ನೋಡು, ಎಷ್ಟು ಚೆನ್ನಾಗಿ ಹೀರುತ್ತೆ.”

ಹಿಂದೆಯೇ ಬಾಟಲಿಗಳ ಬುಟ್ಟಿ ಹೊತ್ತು ಸ್ತೆರ್ಗಿಯೋಸ್ ಬಂದಿದ್ದ. ಅಂಗಿಯನ್ನು ನೋಡಿದ. ನಾನು ಅವನ ಮುಖ ನೋಡಲಿಲ್ಲ.

“ಕೂಲಾ ಅತ್ತೆ, ಬಲತೋಳಿನ ಕಡೆಯಿಂದ ಒರೆಸು,” ಎಂದ. “ಪೆನಾಲ್ಟಿ ಹಿಡಿದಿದ್ದು ಆ ಕೈಯಲ್ಲೇ. ಹಿಕ್ಕೇನೂ ಹಿಡಿದೀತು.”

ಅವಳ ಕೈ ಅಲ್ಲೇ ನಿಂತಿತು. “ಅಯ್ಯೋ, ನಿಂದಾ ಮಗ?”

“ನಂದಾಗಿತ್ತು. ಲೇ ಅರ್ಗೀರೋ, ಇವತ್ತು ನನ್ನ ಹೆಸರು ಓದ್ತೀಯಾ?”

“ಅವರು ಕೊಟ್ಟ ಕಾಗದದಲ್ಲಿ ಇಲ್ಲ.”

“ಇರಲ್ಲ ಬಿಡು. ನೀರು ಹೊರೋನಿಗೆ ಹೆಸರ್ಯಾಕೆ.” ನಗುತ್ತಲೇ ಇಳಿದು ಹೋದ.

ಗೂಡಿನ ಕಿಟಕಿಯಿಂದ ಎಲ್ಲ ಕಾಣುತ್ತಿತ್ತು. ಜನ ಸೂರ್ಯಕಾಂತಿ ಬೀಜ ಕಡಿದು ಸಿಪ್ಪೆ ಉಗಿಯುತ್ತಿದ್ದರು. ಮುಂದಿನ ಸಾಲಿನವರ ಹೆಗಲ ಮೇಲೆ ಬಿದ್ದರೂ ಕೇಳುವವರಿಲ್ಲ. ಮೇ ತಿಂಗಳಲ್ಲಿ ಓಡದೆ ನಿಂತಿದ್ದ ನಮ್ಮ ನಾಯಕನ ಕೈಗೆ ಮೀಲಿ ಗೆದ್ದಿದ್ದ ಕಪ್ಪನ್ನು ಕೊಟ್ಟು ಫೋಟೊ ಹಿಡಿಯುತ್ತಿದ್ದರು. ಅವನು ಅದಕ್ಕೆ ಮುತ್ತಿಟ್ಟ. ಆಗ ಲಾಂಬ್ರೋಸ್ ಮಾವ ಬಂದ. ಮದುವೆಗೆ ಹೊಲಿಸಿದ್ದ ಸೂಟು, ಬಿಗಿಯಾದ ಟೈ. ಅಧ್ಯಕ್ಷ ಅವನ ಬೆನ್ನು ತಟ್ಟಿ, ಒರೆಸಿದ ಕುರ್ಚಿಯೊಂದರಲ್ಲಿ ಕೂರಿಸಿದ. ಆ ಕುರ್ಚಿಯನ್ನು ಯಾವುದರಿಂದ ಒರೆಸಿದರೆಂದು ತಿಳಿಯದೆ ಮಾವ ಸುತ್ತಲೂ ನೋಡಿ ನಕ್ಕ.

ಕೆಳಗಿನಿಂದ ಅಪ್ಪ ಕೈಸನ್ನೆ ಮಾಡಿದ. ಸ್ವಿಚ್ ಒತ್ತಿದೆ. ಹನ್ನೊಂದು ಹೆಸರು ಓದಿದೆ, ಚಪ್ಪಾಳೆ ಬಿತ್ತು. ಜಿಡ್ಡಿನ ಕಾಗದ ಬಿಡಿಸಿದೆ.

“ಪ್ಲಾತಾನಾದ ಗೆಳೆಯರೇ, ಹೋರಾಡಿ ಗೆದ್ದು...”

ಮುಂದಿನ ಪದ ಬರಲಿಲ್ಲ. ಎಂಜಲು ನುಂಗಿದೆ. ಗುಳುಕ್ ಎಂಬ ಸದ್ದು ಕಂಬಕಂಬದ ಸ್ಪೀಕರಿನಿಂದ ಹೊರಬಿದ್ದು ಎದುರು ಗೋಡೆಗೆ ಬಡಿದು ವಾಪಸು ಬಂತು. ಕೇಳಿಸುತ್ತದೆ, ಇಡೀ ಮೈದಾನಕ್ಕೆ ಕೇಳಿಸುತ್ತದೆ. ಯಾರೋ ನಕ್ಕರು. ಅಧ್ಯಕ್ಷ ಕತ್ತು ಹೊರಳಿಸಿ ಗೂಡಿನ ಕಡೆ ನೋಡಿದ. ಬದಲಿ ಆಟಗಾರರ ಬೆಂಚಿನ ತುದಿಯಲ್ಲಿ ಬಾಟಲಿ ಜೋಡಿಸುತ್ತಿದ್ದ ಸ್ತೆರ್ಗಿಯೋಸ್ ಮಾತ್ರ ತಲೆ ಎತ್ತಲಿಲ್ಲ.

ಕಾಗದವನ್ನು ಮಡಿಸಿ ಕೆಳಗಿಟ್ಟು, ಮೈಕನ್ನು ಹತ್ತಿರಕ್ಕೆ ಎಳೆದುಕೊಂಡೆ.

“ಈ ಜಾಗ ಗೆದ್ದಿದ್ದು ಮೀಲಿ. ನಾವು ಬಿದ್ದಿದ್ವಿ.”