ಬಾಗಿಲ ಹಿಂದಿನ ಕೋಲು

ನನ್ನ ತಮ್ಮನ ಕೋಲು ಕೇಳಿಕೊಂಡು ಆರ್ವಿಲ್ ಬಂದಾಗ ಬೆಳಗಿನ ಎಂಟು ಗಂಟೆ. ಹನ್ನೊಂದಕ್ಕೆ ತಮ್ಮನನ್ನು ಮಣ್ಣು ಮಾಡಬೇಕಿತ್ತು. ಅವನ ಟ್ರಕ್ಕು ಅಂಗಳಕ್ಕೆ ತಿರುಗಿದ್ದನ್ನು ಅಡುಗೆಮನೆಯ ಕಿಟಕಿಯಿಂದ ನೋಡಿದೆ. ಅವನು ಇಳಿದು, ಬೂಟಿನ ಕೆಸರನ್ನು ಮೆಟ್ಟಿಲಿಗೆ ಕೆರೆದು, ಒಳಗೆ ಬರುವಷ್ಟು ಹೊತ್ತಿನಲ್ಲಿ ಏನು ಹೇಳಬೇಕೆಂದು ಮೂರು ಬಾರಿ ಯೋಚಿಸಿದೆ. ಮೂರು ಬಾರಿಯೂ ಬೇರೆ ಬೇರೆ ಮಾತು ಬಂತು.

ಈ ನೆಲದ ಮೂಲನಿವಾಸಿಗಳಾದ ನಮ್ಮಲ್ಲಿ ಕುಲಗಳೆಲ್ಲ ಎರಡು ಪಕ್ಷ, ಸಾವಾದ ಪಕ್ಷದವರು ಹತ್ತು ದಿನ ಕೈಕಟ್ಟಿ ಕೂರಬೇಕು. ನಾವು ತೋಳದ ಕುಲದವರು. ಆರ್ವಿಲ್ ಎದುರು ಪಕ್ಷದ ಜಿಂಕೆ ಕುಲದವನು. ಗುಂಡಿ ತೋಡುವುದು, ಅಡುಗೆ ಮಾಡುವುದು, ದೇಹಕ್ಕೆ ಬಟ್ಟೆ ತೊಡಿಸುವುದು ಎಲ್ಲ ಅವರ ಕೆಲಸ. ನನ್ನ ತಮ್ಮ ಎಲ್ಜಿನ್‌ಗೆ ಅಂಗಿ ತೊಡಿಸಿದ್ದು, ಹಿಂದಿನ ದಿನ ಅವನ ಕೂದಲು ಬಾಚಿದ್ದು ಇದೇ ಆರ್ವಿಲ್. ಈಗ ಪೆಟ್ಟಿಗೆಯಲ್ಲಿ ಅವನ ಪಕ್ಕಕ್ಕೆ ಕೋಲು ಇಡಬೇಕು. ನಮ್ಮ ಗಂಡಸರು ಲಕ್ರಾಸ್ ಕೋಲಿಲ್ಲದೆ, ತುದಿಯ ಬಲೆಯಲ್ಲಿ ಚೆಂಡು ಹಿಡಿದು ಎಸೆಯುವ ಆ ಆಟದ ಕೋಲಿಲ್ಲದೆ, ಆಚೆ ಲೋಕಕ್ಕೆ ಹೋಗುವುದಿಲ್ಲ. ಅಲ್ಲಿಗೆ ಕಾಲಿಟ್ಟ ದಿನವೇ ಆಟವಿರುತ್ತದೆ ಎಂದು ಅಮ್ಮ ಹೇಳುತ್ತಿದ್ದಳು.

ಕೋಲು ಅಡುಗೆಮನೆಯ ಬಾಗಿಲ ಹಿಂದೆ ಮೊಳೆಗೆ ತೂಗುಹಾಕಿತ್ತು. ಹದಿನೇಳು ವರ್ಷದಿಂದ ಅಲ್ಲೇ ಇತ್ತು. ಹೆಂಗಸರಾದ ನಾವು ಅದನ್ನು ಮುಟ್ಟುವಂತಿಲ್ಲ. ಮರದ ಕೋಲು ಔಷಧಿಯಂಥದು, ಅದಕ್ಕೂ ನಮಗೂ ಆಗಿಬರುವುದಿಲ್ಲ, ನಾವು ಮುಟ್ಟಿದರೆ ಅದರ ಗುಣ ಹೋಗುತ್ತದೆ ಎನ್ನುತ್ತಾರೆ. ಎಲ್ಜಿನ್ ಹುಡುಗನಾಗಿದ್ದಾಗ ಅದನ್ನು ನೆಲದ ಮೇಲೆ ಬಿಸಾಡಿ ಹೋಗುತ್ತಿದ್ದ. ಅಮ್ಮ ಅದರ ಸುತ್ತ ಗುಡಿಸುತ್ತಿದ್ದಳೇ ಹೊರತು ಸರಿಸುತ್ತಿರಲಿಲ್ಲ. ಸಂಜೆ ಅವನು ಬಂದು ಎತ್ತಿದರೆ ನೆಲದಲ್ಲಿ ಕೋಲಿನದೇ ಆಕಾರದ ಧೂಳು.

ಆ ಕೋಲನ್ನು ನಾನು ಮುಟ್ಟಿದ್ದೆ. ಒಂದೇ ಒಂದು ಸಲ. ಯಾರಿಗೂ ಹೇಳಿರಲಿಲ್ಲ. ಇನ್ನು ಮೂರು ಗಂಟೆಯಲ್ಲಿ ಅದು ನನ್ನ ತಮ್ಮನ ಜೊತೆ ಮಣ್ಣಿಗೆ ಹೋಗುವುದರಲ್ಲಿತ್ತು.

ಎಲ್ಜಿನ್ ಲೇಕ್‌ಪೋರ್ಟ್ ಲ್ಯಾಂಟರ್ನ್ಸ್ ತಂಡದ ಗೋಲ್‌ಕೀಪರ್ ಆಗಿದ್ದ. ಸಂಬಳ ಕೊಡುವ ತಂಡ. ಹನ್ನೆರಡು ವರ್ಷ ಬಾಳಿದ ಆ ತಂಡದಲ್ಲಿ ಒಂಬತ್ತು ವರ್ಷ ಗೋಲಿನ ಮುಂದೆ ನಿಂತವನು ಅವನೇ. ಮೊದಲ ಎರಡು ವರ್ಷ ಲ್ಯಾಂಟರ್ನ್ಸ್‌ಗೆ ಸ್ವಂತ ಅಂಗಣವೂ ಇರಲಿಲ್ಲ. ಐಸ್ ಹಾಕಿಯ ಪಂದ್ಯಗಳು ಮುಗಿದ ಮೇಲೆ, ಆ ಅಂಗಣದ ಮಂಜುಗಡ್ಡೆಯ ಮೇಲೆ ಹಲಗೆ ಹಾಸಿ ಆಡುತ್ತಿದ್ದರು. ಕಾಲಡಿಯ ಥಂಡಿ ಮಂಡಿಯವರೆಗೆ ಏರುತ್ತದೆ ಎನ್ನುತ್ತಿದ್ದರು. ಮೂರನೆಯ ವರ್ಷ ಸರೋವರದ ಆಚೆ ದಡದಲ್ಲಿ ಕಾರ್ಬಿ ಹ್ಯಾಮರ್ಸ್ ಹುಟ್ಟಿತು. ಅಲ್ಲಿಂದ ಶುರು. ಹ್ಯಾಮರ್ಸ್‌ನವರು ನಮ್ಮವರ ಬಸ್ಸಿನ ಕಿಟಕಿಗಳಿಗೆಲ್ಲ ಕಪ್ಪು ಬಣ್ಣ ಬಳಿದರು. ನಮ್ಮವರು ಅವರ ಬಟ್ಟೆ ಬದಲಿಸುವ ಕೋಣೆಗೆ ಒಂದು ಬುಟ್ಟಿ ಸತ್ತ ಮೀನು ಸುರಿದರು. ಎರಡೂ ತಂಡದಲ್ಲಿ ನಮ್ಮ ಊರು ಗ್ರ್ಯಾಂಡ್ ರಿವರ್‌ನ ಹುಡುಗರಿದ್ದರು. ಹಾಗಾಗಿ ಜಗಳ ಸರೋವರ ದಾಟಿ ನಮ್ಮ ಊರಿನ ಒಳಗೇ ಬಂತು. ಸಂಜೆ ಬಿಂಗೋ ಆಡಲು ಸೇರುವ ಹಾಲ್‌ನಲ್ಲಿ ಲ್ಯಾಂಟರ್ನ್ಸ್‌ನ ಹಳದಿ ಅಂಗಿಯವರು ಒಂದು ಮೇಜು, ಹ್ಯಾಮರ್ಸ್‌ನ ಕಪ್ಪು ಅಂಗಿಯವರು ಇನ್ನೊಂದು. ನನ್ನ ಅತ್ತೆಯೊಬ್ಬಳು ಮೆಕ್ಕೆಜೋಳದ ಸೂಪು ಮಾರುವಾಗ ಹ್ಯಾಮರ್ಸ್ ಕಡೆಯವರಿಗೆ ಮಾಂಸದ ಚೂರು ಕಡಿಮೆ ಹಾಕುತ್ತಾಳೆಂದು ಊರೆಲ್ಲ ಗುಲ್ಲಾಗಿತ್ತು. ಅದು ನಿಜವೂ ಆಗಿತ್ತು.

ಆರ್ವಿಲ್ ಹ್ಯಾಮರ್ಸ್‌ನ ಮುಂಚೂಣಿ ಆಟಗಾರ. ಅವನೂ ಎಲ್ಜಿನ್ನೂ ಒಂದೇ ಬೆಂಚಿನಲ್ಲಿ ಓದಿದವರು. ಇಬ್ಬರಿಗೂ ಹದಿನಾರು ತುಂಬಿದಾಗ ನಮ್ಮ ಸೋದರಮಾವ ಹೂಬರ್ಟ್ ಒಂದೇ ಹಿಕರಿ ಮರ ಸೀಳಿ ಎರಡು ಕೋಲು ಮಾಡಿಕೊಟ್ಟಿದ್ದ. ಹಬೆಯಲ್ಲಿಟ್ಟು ಬಗ್ಗಿಸಿ, ತಂತಿ ಕಟ್ಟಿ, ವರ್ಷವಿಡೀ ಅಟ್ಟದ ಮೇಲೆ ಒಣಗಿಸಿದ ಕೋಲುಗಳು. ಆರ್ವಿಲ್‌ನದು ಓಡುವವನ ಕೋಲು, ಸಪೂರ. ಎಲ್ಜಿನ್‌ನದು ಗೋಲ್‌ಕೀಪರನದು, ಮೊರದಷ್ಟು ಅಗಲ. ಸಂಬಳದ ಆಟದಲ್ಲಿ ಮಿಕ್ಕವರೆಲ್ಲ ಪ್ಲಾಸ್ಟಿಕ್ ಕೋಲಿಗೆ ಬದಲಾದಾಗಲೂ ಗೋಲ್‌ಕೀಪರ್ ಮರದ್ದನ್ನೇ ಹಿಡಿಯಬಹುದಿತ್ತು. ಎಲ್ಜಿನ್ ಕೊನೆಯವರೆಗೂ ಅದನ್ನೇ ಹಿಡಿದ.

ಆ ಕೊನೆ ಬಂದದ್ದು ಏಪ್ರಿಲ್ ತಿಂಗಳ ಒಂದು ಶನಿವಾರ, ಫೈನಲ್‌ನ ಮೂರನೆಯ ಪಂದ್ಯದ ದಿನ. ಎರಡೂ ತಂಡ ಒಂದೊಂದು ಗೆದ್ದಿದ್ದವು. ಬಲೆಯ ಚರ್ಮದ ದಾರ ಸಡಿಲವಾಗಿದೆಯೆಂದು ಎಲ್ಜಿನ್ ಕೋಲನ್ನು ಮನೆಗೆ ತಂದು ಹೊಸದಾಗಿ ಬಿಗಿದಿದ್ದ. ಬಿಗಿದು, ಬಾಗಿಲ ಹಿಂದೆ ನಿಲ್ಲಿಸಿ, ಮರೆತು ಹೋದ. ಮಧ್ಯಾಹ್ನ ಲೇಕ್‌ಪೋರ್ಟ್‌ನಿಂದ ಫೋನು ಬಂತು. ಮಾವನ ಕೈಲಿ ಕಳಿಸು, ಬೇಗ ಕಳಿಸು ಎಂದ. ಮಾವನ ಕೆಲಸದ ಕೊಟ್ಟಿಗೆಗೆ ಹೋದೆ. ಬೀಗ ಹಾಕಿತ್ತು, ಮರ ನೋಡಲು ಹೊಳೆಯಾಚೆ ಹೋಗಿದ್ದನಂತೆ. ಅಕ್ಕಪಕ್ಕದ ಗಂಡಸರೆಲ್ಲ ಬೆಳಿಗ್ಗೆಯೇ ಎರಡು ಬಸ್ಸು ತುಂಬಿಕೊಂಡು ಪಂದ್ಯಕ್ಕೆ ಹೋಗಿದ್ದರು. ನಾಲ್ಕು ಮನೆಯ ಬಾಗಿಲು ತಟ್ಟಿದೆ. ಲೇಕ್‌ಪೋರ್ಟ್‌ಗೆ ಒಂದೂವರೆ ಗಂಟೆಯ ದಾರಿ. ನಾನು ಕಾಲೇಜು ಓದಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದವಳು. ಮುಟ್ಟದೆಯೂ ಒಯ್ಯಬಹುದೆಂದು ಲೆಕ್ಕ ಹಾಕಿದೆ. ಮಂಚದ ಮೇಲಿದ್ದ ದುಪ್ಪಟಿಯನ್ನು ಕೋಲಿನ ಮೇಲೆ ಹಾಕಿ, ಸುತ್ತಿ, ಮಗುವನ್ನು ಎತ್ತಿದ ಹಾಗೆ ಎತ್ತಿ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿದೆ.

ಅಂಗಣದ ಹೊರಗೆ ಇಳಿಸುವಾಗ ದುಪ್ಪಟಿ ಜಾರಿತು. ಕೋಲು ನೆಲಕ್ಕೆ ಬೀಳುವುದರಲ್ಲಿತ್ತು. ಹಿಡಿದುಕೊಂಡೆ. ಬರಿಗೈಯಲ್ಲಿ ಹಿಡಿದುಕೊಂಡೆ. ಅವನ ಹೆಬ್ಬೆರಳು ಸವೆಸಿದ ಜಾಗದಲ್ಲಿ ಸಣ್ಣ ತಗ್ಗಿತ್ತು, ನನ್ನ ಹೆಬ್ಬೆರಳು ಅದರೊಳಗೆ ಸರಿಯಾಗಿ ಕೂತಿತು. ತಂಡದ ಸಾಮಾನು ನೋಡಿಕೊಳ್ಳುವ ಬಿಳಿಯ ಮುದುಕನ ಕೈಗೆ ಅದನ್ನು ಕೊಟ್ಟು, ಮಾವ ಕಳಿಸಿದ್ದಾನೆ ಎಂದು ಹೇಳಿದೆ.

ಆಟ ಮುಗಿಯಲು ನಲವತ್ತು ಸೆಕೆಂಡು ಇರುವಾಗ ಎರಡೂ ಕಡೆ ಹನ್ನೊಂದು ಗೋಲಾಗಿತ್ತು. ಆರ್ವಿಲ್ ಬಲಗಡೆಯಿಂದ ಬಂದು ಹೊಡೆದ. ಹೊಡೆತ ಅವನ ಕೈಗೇ ಸರಿಯಾಗಿ ಸಿಗಲಿಲ್ಲ. ಚೆಂಡು ಎರಡು ಸಲ ಪುಟಿದು, ದಾರಿ ಕೇಳಿಕೊಂಡು ಬರುವವರ ಹಾಗೆ ನಿಧಾನವಾಗಿ ಬಂತು. ಎಲ್ಜಿನ್ ಕೋಲು ಇಳಿಸಿದ. ಚೆಂಡು ಅದರ ಅಂಚಿಗೆ ತಾಗಿ ಒಳಗೆ ಹೋಯಿತು. ಕಾರ್ಬಿಯಿಂದ ಬಂದಿದ್ದ ಮೂರು ಸಾವಿರ ಜನ ಒಟ್ಟಿಗೆ, ದೀಪ ಆರಿತು, ದೀಪ ಆರಿತು ಎಂದು ಕೂಗತೊಡಗಿದರು. ನಾನು ನನ್ನ ಬಲಗೈಯನ್ನು ಕೋಟಿನ ಜೇಬಿನೊಳಗೆ ಇಟ್ಟುಕೊಂಡೆ.

ಮರುವರ್ಷ ಮಾಲೀಕ ತಂಡವನ್ನು ಪಶ್ಚಿಮದ ಯಾವುದೋ ಊರಿಗೆ ಮಾರಿದ. ಹೊಸ ಊರಿನಲ್ಲಿ ಅದಕ್ಕೆ ಬೇರೆ ಹೆಸರಿಟ್ಟರು. ಎದುರಾಳಿಯಿಲ್ಲದೆ ಹ್ಯಾಮರ್ಸ್ ಕೂಡ ಮೂರು ವರ್ಷದಲ್ಲಿ ಮುಚ್ಚಿತು. ಎಲ್ಜಿನ್‌ಗೆ ಬೇರೆ ಎರಡು ತಂಡದಿಂದ ಕರೆ ಬಂದಿತ್ತು. ಹೋಗಲಿಲ್ಲ. ಕೋಲನ್ನು ಬಾಗಿಲ ಹಿಂದೆ ತೂಗುಹಾಕಿ ಜಲ್ಲಿ ಸಾಗಿಸುವ ಲಾರಿ ಓಡಿಸತೊಡಗಿದ. ಆರ್ವಿಲ್ ಪೆಟ್ರೋಲ್ ಬಂಕಿನಲ್ಲಿ ಸಿಕ್ಕಾಗಲೆಲ್ಲ ಛೇಡಿಸುತ್ತಿದ್ದ. "ಏನೋ, ಬಾಗ್ಲು ಇನ್ನೂ ತೆಗ್ದೇ ಇಟ್ಟಿದೀಯಾ? ಬಂದು ಇನ್ನೊಂದು ಹಾಕ್ಲಾ?" ಮೊದಮೊದಲು ಎಲ್ಜಿನ್ ನಗುತ್ತಿದ್ದ. ಆಮೇಲೆ ಆ ಬಂಕಿಗೆ ಹೋಗುವುದನ್ನೇ ಬಿಟ್ಟ.

ಊಟಕ್ಕೆ ಕೂತಾಗ ಒಮ್ಮೊಮ್ಮೆ ಅವನು ಬಾಗಿಲ ಕಡೆ ನೋಡುತ್ತಿದ್ದ. "ಅವತ್ತು ಅದು ನನ್ ಕೈಲಿ ಇರ್ಲಿಲ್ಲ ಅಕ್ಕ. ಹಿಡ್ಕೊಂಡಿದ್ದೆ, ಆದ್ರೆ ಇರ್ಲಿಲ್ಲ. ನಾನು ಏನೋ ತಪ್ಪು ಮಾಡಿರ್ಬೇಕು." ಯಾವ ತಪ್ಪೆಂದು ಅವನು ವರ್ಷಗಟ್ಟಲೆ ಹುಡುಕಿದ. ಆ ವಾರ ಅಮ್ಮನ ಮೇಲೆ ರೇಗಿದ್ದು ನೆನಪಾಗಿ, ಹೋಗಿ ಕ್ಷಮೆ ಕೇಳಿದ. ಅಮ್ಮನಿಗೆ ಅದು ನೆನಪೇ ಇರಲಿಲ್ಲ. ಕುಡಿತ ಬಿಟ್ಟ. ನಾನು ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕುತ್ತಿದ್ದೆ. ನಾಳೆ ಹೇಳೋಣ, ಅವನು ಸ್ವಲ್ಪ ಗೆಲುವಾಗಿರುವಾಗ ಹೇಳೋಣ ಎಂದುಕೊಳ್ಳುತ್ತಿದ್ದೆ.

ಅಮ್ಮ ಹಾಸಿಗೆ ಹಿಡಿದಾಗ ಅವಳ ಸಲುವಾಗಿ ಊರಿನ ಗಂಡಸರು ಔಷಧಿಯ ಆಟ ಆಡಿದರು. ಮರದ ಕೋಲುಗಳು, ಎರಡು ಕಂಬ, ಕಾಯಿಲೆಯವರ ಹೆಸರು ಹೇಳಿ ಎಸೆಯುವ ಚೆಂಡು. ಮಗನೇ ಗೋಲಿನಲ್ಲಿ ನಿಲ್ಲಬೇಕೆಂದು ಎಲ್ಲರೂ ಕರೆದರು. ಎಲ್ಜಿನ್ ಬೇಲಿಯ ಹೊರಗೆ ಕೈಗಳನ್ನು ಜೇಬಿನಲ್ಲಿಟ್ಟು ನಿಂತ. ತನ್ನ ಕೋಲು ತನ್ನ ಜೊತೆ ಚೆನ್ನಾಗಿಲ್ಲ, ಅದರಿಂದ ಅಮ್ಮನಿಗೆ ಕೆಡುಕಾದರೆ ಎಂದು ಮಾವನಿಗೆ ಹೇಳಿದ. ನಾನು ಅವರಿಂದ ನಾಲ್ಕು ಹೆಜ್ಜೆ ದೂರದಲ್ಲಿದ್ದೆ. ಆಗಲೂ ಬಾಯಿ ಬಿಡಲಿಲ್ಲ. ಎರಡು ತಿಂಗಳ ಮೇಲೆ ಅಮ್ಮ ಹೋದಳು. ಈ ಮಾರ್ಚ್‌ನಲ್ಲಿ, ಲಾರಿಯ ಗಾಜಿನ ಮೇಲಿನ ಮಂಜು ಕೆರೆಯುತ್ತಿದ್ದ ಎಲ್ಜಿನ್ ಹಾಗೆಯೇ ಕುಸಿದ. ನಲವತ್ತೇಳು ವರ್ಷ. ಹೇಳಬೇಕಾದ ನಾಳೆ ಮುಗಿದುಹೋಯಿತು.

ಆರ್ವಿಲ್ ಟೋಪಿ ತೆಗೆದು ಬಾಗಿಲ ಹಿಂದೆ ನೋಡಿದ. ಕೈ ಚಾಚಿದ.

"ತಗೋಬೇಡ," ಎಂದೆ. "ನಾನು ಮುಟ್ಟಿದೀನಿ ಅದನ್ನ."

ಅವನ ಕೈ ಅಲ್ಲೇ ನಿಂತಿತು. "ಯಾವಾಗ? ನಿನ್ನೇನಾ?"

ಹೇಳಿದೆ. ಫೋನು, ಬೀಗ, ದುಪ್ಪಟಿ, ಆ ತಗ್ಗು. ಅವನು ಕುರ್ಚಿ ಎಳೆದು ಕೂತ. ತುಂಬಾ ಹೊತ್ತು ಟೋಪಿಯ ಅಂಚನ್ನು ಬೆರಳಿನಲ್ಲಿ ತಿರುಗಿಸಿದ. ಬೈಯುತ್ತಾನೆಂದು ಕಾದೆ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

"ಆ ಗೋಲು ನೆನೆಸ್ಕೊಂಡು ನಾನು ಒಂದಿನಾನೂ ಸರಿಯಾಗಿ ಖುಷಿಪಟ್ಟಿಲ್ಲ, ಗೊತ್ತಾ ಅಕ್ಕ?" ಎಂದ. "ಅಂಥ ಚೆಂಡನ್ನ ಅವನು ನಿದ್ದೇಲೂ ತಡೀತಿದ್ದ." ಟೋಪಿಯನ್ನು ಮೊಣಕಾಲ ಮೇಲಿಟ್ಟ. "ನಿಮ್ ಮಾವಂಗೆ ಹೇಳಿದ್ರೆ ಒಂದು ಹಿಡಿ ತಂಬಾಕಿನ ಕೆಲ್ಸ ಇದು. ಹೊಗೆ ಹಾಕಿ, ನಾಲ್ಕು ಮಾತು ಹೇಳಿ ಸರಿ ಮಾಡ್ತಿದ್ದ. ನಮ್ ಅಜ್ಜಿ ಕೂಡ ಒಂದ್ಸಲ ಎಡವಿ ಅಜ್ಜನ ಕೋಲಿನ ಮೇಲೇ ಬಿದ್ದಿದ್ಲು. ಮಾರನೇ ದಿನಾನೇ ಅಜ್ಜ ಆಡಿದ."

"ಎಲ್ಜಿನ್‌ಗೆ ಹೇಗೆ ಹೇಳೋದು ಅಂತ..."

"ಹೇಳಿದ್ರೆ ಬೈತಿದ್ದ. ಎರಡು ದಿನ ಮಾತು ಬಿಡ್ತಿದ್ದ." ಆರ್ವಿಲ್ ನನ್ನ ಮುಖ ನೋಡಲಿಲ್ಲ. "ಆಮೇಲೆ ಆಡ್ತಿದ್ದ."

ಈಗಲೇ ಮಾವನನ್ನು ಕರೆಯೋಣವೇ ಎಂದು ಕೇಳಿದೆ. ಅವನು ಬೇಡವೆಂದು ತಲೆಯಾಡಿಸಿದ. ಮಾವ ನಮ್ಮ ಕುಲದವನು, ಶೋಕದಲ್ಲಿದ್ದಾನೆ, ಹತ್ತು ದಿನ ಅವನು ಯಾವುದಕ್ಕೂ ಕೈ ಹಚ್ಚುವಂತಿಲ್ಲ. ಆ ಮಾತುಗಳು ಗೊತ್ತಿರುವವರು ಬೇರೆ ಯಾರೂ ಹತ್ತಿರದಲ್ಲಿ ಉಳಿದಿರಲಿಲ್ಲ. ಗಂಟೆ ಒಂಬತ್ತಾಗುತ್ತಿತ್ತು. ಆರ್ವಿಲ್ ಎದ್ದು ಟೋಪಿ ಹಾಕಿಕೊಂಡು, ಬಾಗಿಲ ಹಿಂದಿನ ಕೋಲನ್ನು ಅಲ್ಲೇ ಬಿಟ್ಟು ಹೊರಟುಹೋದ.

ಹತ್ತೂವರೆಗೆ, ನಮ್ಮ ವಿಧಿಗಳೆಲ್ಲ ನಡೆಯುವ ಲಾಂಗ್‌ಹೌಸ್‌ನಲ್ಲಿ ನಾವೆಲ್ಲ ನಮ್ಮ ಪಕ್ಷದ ಬೆಂಚಿನ ಮೇಲೆ ಕೂತಿದ್ದಾಗ ಅವನು ಒಳಗೆ ಬಂದ. ಕೈಯಲ್ಲಿ ಅವನದೇ ಕೋಲಿತ್ತು. ಸಪೂರದ್ದು, ಓಡುವವನದು. ಅದನ್ನು ಎಲ್ಜಿನ್‌ನ ಬಲಗೈ ಪಕ್ಕಕ್ಕೆ ಇಟ್ಟು, ಬಲೆಯನ್ನು ಭುಜದ ಕಡೆ ತಿರುಗಿಸಿದ. ನನ್ನ ಮುಂದೆ ಹಾದುಹೋಗುವಾಗ ಬಗ್ಗಿ, "ಓಡ್ಲಿ ಬಿಡು," ಎಂದ. "ಹದಿನೇಳು ವರ್ಷ ನಿಂತಲ್ಲೇ ನಿಂತಿದ್ದ."

ಗೋಲ್‌ಕೀಪರನ ಪಕ್ಕದಲ್ಲಿ ಬೇರೆಯವರ ಕೋಲು ಇರುವುದು ಯಾರ ಕಣ್ಣಿಗೂ ತಪ್ಪುವಂತಿರಲಿಲ್ಲ. ತಾನೇ ಮಾಡಿದ ಕೋಲನ್ನು ಮಾವ ಒಮ್ಮೆ ನೋಡಿದ, ಆರ್ವಿಲ್‌ನನ್ನು ನೋಡಿದ, ಆಮೇಲೆ ತಿರುಗಿ ಬಹಳ ಹೊತ್ತು ನನ್ನನ್ನು ನೋಡಿದ. ಅವನಿಗೆ ಎಂಬತ್ತೊಂದು. ಈಗ ಕೈ ನಡುಗುತ್ತದೆ, ಹೊಸ ಕೋಲು ಮಾಡುವುದಿಲ್ಲ.

ಹತ್ತನೆಯ ದಿನದ ಊಟಕ್ಕೆ ಎಲ್ಜಿನ್‌ನ ಸಾಮಾನನ್ನೆಲ್ಲ ಮೇಜಿನ ಮೇಲೆ ಹರಡಿದರು. ಅಂಗಿಗಳು, ಲಾರಿಯ ಕೈಗವಸು, ಹಳದಿ ಜರ್ಸಿ ಒಂದೊಂದಾಗಿ ಒಬ್ಬೊಬ್ಬರಿಗೆ ಹೋದವು. ಸತ್ತವನು ಅಲ್ಲಿಯವರೆಗೆ ಇಲ್ಲೇ ಇದ್ದು ಎಲ್ಲ ಕೇಳುತ್ತಿರುತ್ತಾನೆ, ಆ ದಿನದ ಊಟ ಮುಗಿದರೆ ನಿಜವಾಗಿ ಹೊರಡುತ್ತಾನೆ. ಅದಕ್ಕಾಗಿ ಅವನಿಗೂ ಒಂದು ತಟ್ಟೆ. ಜಿಂಕೆ ಕುಲದ ಹೆಂಗಸೊಬ್ಬಳು ಅದಕ್ಕೆ ಮೆಕ್ಕೆಜೋಳದ ಸೂಪು ಬಡಿಸಿ, ಪಕ್ಕದಲ್ಲಿ ಅವನಿಗಿಷ್ಟವಾದ ಸ್ಟ್ರಾಬೆರಿ ಪಾನಕ ಇಟ್ಟಳು. ಶೋಕ ಇಳಿಯಿತೆಂದು ಅವರ ಹಿರಿಯರು ಹೇಳಿದರು. ನಾನು ಎದ್ದು ಹೋಗಿ ಮಾವನ ಮುಂದೆ ನಿಂತು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. ಒಂದು ಮಾತನ್ನೂ ಬಿಡಲಿಲ್ಲ.

ಮಾವ ಎದ್ದ. ಆರ್ವಿಲ್‌ಗೆ ಬಾಗಿಲ ಹಿಂದಿನ ಕೋಲು ತರಲು ಹೇಳಿದ. ಇಬ್ಬರೂ ಹೊರಗೆ ಹೋದರು. ಬಾಗಿಲ ಸಂದಿನಿಂದ ನೋಡಿದೆ. ಕೆಂಡದ ಮೇಲೆ ಮಾವ ತಂಬಾಕು ಉದುರಿಸಿದ. ನೀಲಿ ಹೊಗೆ ಎದ್ದು ಬಲೆಯ ಕಣ್ಣುಗಳೊಳಗಿಂದ ಹಾದುಹೋಯಿತು. ಅವನ ತುಟಿ ಅಲುಗುವುದು ಕಂಡಿತು, ಮಾತು ಕೇಳಲಿಲ್ಲ. ಹೆಬ್ಬೆರಳಿನ ತಗ್ಗನ್ನು ಅಂಗೈಯಿಂದ ಒಮ್ಮೆ ಒರೆಸಿ ಕೋಲನ್ನು ಆರ್ವಿಲ್‌ನ ಕೈಗೆ ಕೊಟ್ಟ. ಇನ್ನು ಅದು ಆರ್ವಿಲ್‌ನದು. "ನಾನು ಅಲ್ಲಿಗೆ ಹೋದಾಗ ಅವನು ಹೊಡೀಲಿ, ನಾನು ತಡೀತೀನಿ," ಎಂದು ಆರ್ವಿಲ್ ನನಗೂ ಕೇಳುವಷ್ಟು ಜೋರಾಗಿ ಹೇಳಿದ್ದಕ್ಕೆ ಮಾವ ಹೂಂ ಎಂದ.

ಅವರು ಒಳಗೆ ಬಂದರು. ಮಾವ ನನ್ನ ಪಕ್ಕ ಹಾದು ತನ್ನ ಜಾಗದಲ್ಲಿ ಕೂತು, "ಆಯ್ತು," ಎಂದ.

ನಾನು ಮೇಜಿನ ಕಡೆ ತಿರುಗಿದೆ. ಎಲ್ಜಿನ್‌ನ ತಟ್ಟೆಯ ಸೂಪಿನಿಂದ ಇನ್ನೂ ಹಬೆ ಏಳುತ್ತಿತ್ತು.