ನಾಬ್ ಇಲ್ಲದ ಒಲೆ

ಮೂವತ್ತು ವರ್ಷ ಹಾಸ್ಟೆಲಿನಲ್ಲಿ ಇನ್ನೂರು ಜನಕ್ಕೆ ಬೇಯಿಸಿ ಹಾಕಿದ ಅಕ್ಕ ಈಗ ಒಲೆ ಮುಟ್ಟುವ ಹಾಗಿರಲಿಲ್ಲ. ಹಾಸ್ಟೆಲ್ ಮುಚ್ಚಿದ ಮೇಲೆ ತಂಗಿಯ ಮನೆ ಸೇರಿದ್ದಳು. ಮೂರು ತಿಂಗಳ ಹಿಂದೆ ಆ ಮನೆಯಲ್ಲಿ ಹಾಲು ಉಕ್ಕಿ, ಉರಿ ಆರಿ, ಗ್ಯಾಸು ಮನೆಯೆಲ್ಲ ತುಂಬಿಕೊಂಡಿತು. ಅಕ್ಕನೇ ಇಟ್ಟು ಮರೆತದ್ದು ಎಂದಳು ತಂಗಿ. ಇಟ್ಟ ನೆನಪು ಅಕ್ಕನಿಗಿರಲಿಲ್ಲ. ನೆನಪಿಲ್ಲದ್ದೇ ಸಾಕ್ಷಿಯಾಯಿತು. ಅಂದಿನಿಂದ ತಂಗಿ ಅಡುಗೆ ಮುಗಿದೊಡನೆ ಒಲೆಯ ಗ್ಯಾಸು ತಿರುಗಿಸುವ ನಾಬುಗಳನ್ನು ಕಿತ್ತು ಪರ್ಸಿಗೆ ಹಾಕಿಕೊಳ್ಳುತ್ತಿದ್ದಳು. ಅಕ್ಕನಿಗೆ ಅದು ಅವಮಾನ. ಬಾಯಿ ಬಿಟ್ಟರೆ ಇದ್ದ ಒಂದು ಸೂರೂ ಹೋದೀತೆಂದು ನುಂಗಿಕೊಂಡಿದ್ದಳು.

ಇವತ್ತು ಮಧ್ಯಾಹ್ನ ಊಟಕ್ಕೆ ಹಳೆಯ ಹಾಸ್ಟೆಲಿನ ವಾರ್ಡನ್ ಮೇಡಂ ಬರುವವರಿದ್ದರು. ಅವರು ಹೊಸ ಹಾಸ್ಟೆಲ್ ತೆರೆಯುತ್ತಿದ್ದರು. ಅಡುಗೆಯವಳು ಬೇಕಾಗಿದ್ದಳು, ಅವಳಿಗೆ ಇರಲು ಕೋಣೆಯೂ ಇತ್ತು. ಸ್ವಂತದ ಕೋಣೆ, ಸ್ವಂತದ ಒಲೆ.

"ಊಟ ನಾನು ನೋಡ್ಕೋತೀನಿ. ಒಲೆ ಇಲ್ದೆ ಏನಾದ್ರೂ ಸಿಹಿ ಮಾಡು ನೀನು" ಎಂದಳು ತಂಗಿ.

ಅಕ್ಕ ಕಿತ್ತಳೆ ಸುಲಿದು, ಬಿಳಿ ನಾರು ಒಂದೆಳೆಯೂ ಉಳಿಯದಂತೆ ತೆಗೆದು, ಬಿಲ್ಲೆಗಳಾಗಿ ಕೊಯ್ದಳು. ಖರ್ಜೂರ ಹೆಚ್ಚಿ ಮೇಲೆ ಹರಡಿದಳು. ಜೇನಿಗೆ ನಿಂಬೆ ಹಿಂಡಿ, ಚಕ್ಕೆಪುಡಿ, ಏಲಕ್ಕಿಪುಡಿ ಕದಡಿ ಸುರಿದಳು. ಕೊನೆಗೆ ಒಂದೇ ಚಿಟಿಕೆ ಮೆಣಸಿನಪುಡಿ, ಕಾಳುಮೆಣಸಿನದು. ಅದಿಲ್ಲದಿದ್ದರೆ ಸಿಹಿ ಬರೀ ಪೆದ್ದು. ಹಣ್ಣು ತಾನೇ ರಸ ಬಿಡಲೆಂದು ಒಂದು ಗಂಟೆ ಫ್ರಿಜ್ಜಿನಲ್ಲಿಟ್ಟಳು. ಇಷ್ಟರಲ್ಲಿ ಒಂದನ್ನೂ ಮರೆಯಲಿಲ್ಲ. ಮರೆಗುಳಿಯಂತೆ ಇವಳು!

ವಾರ್ಡನ್ ಎರಡನೇ ಬಟ್ಟಲು ಕೇಳಿ ಹಾಕಿಸಿಕೊಂಡರು. "ಮೆಣಸು ಹಾಕಿದ್ದೀಯಲ್ಲ, ಕಿಲಾಡಿ. ಕೈ ಇನ್ನೂ ಹಾಗೇ ಇದೆ. ಒಂದನೇ ತಾರೀಖಿಗೆ ಬಂದ್ಬಿಡು" ಎಂದು ಕೈ ತೊಳೆಯಲು ಎದ್ದರು. ತಂಗಿಯ ಗಂಡ ಫೋನು ಹಿಡಿದು ಹೊರಗೆ ಹೋದ. ಆಗ ತಂಗಿ ಪರ್ಸಿನಿಂದ ನಾಬ್ ತೆಗೆದು, ಅಡುಗೆಮನೆಗೆ ಹೋಗಿ, ಕಾಫಿಗೆ ಹಾಲಿಟ್ಟು ಬಂದು ಕೂತಳು. ಮೇಜು ಒರೆಸುತ್ತಿದ್ದ ಅಕ್ಕ ಒಬ್ಬಳೇ ಅದನ್ನು ನೋಡಿದ್ದು. ಆಮೇಲೆ ಎಲ್ಲರೂ ಮಾತಿಗೆ ಕೂತರು. ಅಕ್ಕನ ತಲೆಯಲ್ಲಿ ಒಂದನೇ ತಾರೀಖು ಬಿಟ್ಟು ಬೇರೇನೂ ಇರಲಿಲ್ಲ.

ಗ್ಯಾಸಿನ ವಾಸನೆ ಮೊದಲು ಬಡಿದದ್ದು ಅವಳಿಗೇ. ಓಡಿಹೋಗಿ, ಹಾಲು ಉಕ್ಕಿ ಆರಿದ್ದ ಒಲೆಯ ನಾಬ್ ತಿರುಗಿಸಿ ಕಿಟಕಿ ತೆರೆದಳು. ಹಿಂದೆಯೇ ಎಲ್ಲರೂ ಬಂದರು.

"ಯಾರು ಹಾಲಿಟ್ಟಿದ್ದು?" ಎಂದ ತಂಗಿಯ ಗಂಡ, ಹಲ್ಲು ಕಡಿಯುತ್ತ.

ತಂಗಿಯ ಮುಖ ಬಿಳಿಚಿಕೊಂಡಿತು. "ಅಕ್ಕ ತಾನೇ ಕಾಫಿ ಮಾಡ್ತೀನಿ ಅಂದ್ಲು. ಪಾಪ ಅಂತ ನಾಬ್ ಕೊಟ್ಟೆ. ಕೊಟ್ಟಿದ್ದೇ ತಪ್ಪಾಯ್ತು ನೋಡಿ."

"ಸುಳ್ಳು ಮೇಡಂ. ಇವಳೇ ಇಟ್ಟಿದ್ದು, ನಾನು ನೋಡ್ದೆ" ಎಂದಳು ಅಕ್ಕ.

ವಾರ್ಡನ್ ರೋಗಿಯ ಕೈ ಸವರುವಂತೆ ಅವಳ ಕೈ ಸವರಿದರು. "ಇರ್ಲಿ ಬಿಡಮ್ಮ. ವಯಸ್ಸಾಯ್ತಲ್ಲ, ನೆನಪಿರಲ್ಲ. ಆದ್ರೆ ನಂದು ಹುಡುಗೀರಿರೋ ಜಾಗ. ನಂಗೂ ಭಯ ಆಗುತ್ತೆ" ಎಂದು ಚಪ್ಪಲಿ ಮೆಟ್ಟಿಕೊಂಡರು. ಕಾಫಿಗೂ ನಿಲ್ಲಲಿಲ್ಲ.

ಮನೆ ಖಾಲಿಯಾದ ಮೇಲೆ ತಂಗಿ ನಾಬುಗಳನ್ನು ಕೀಳುತ್ತಿದ್ದಳು.

"ಅವತ್ತೂ ನೀನೇನಾ?" ಎಂದು ಕೇಳಿದಳು ಅಕ್ಕ.

ತಂಗಿ ತಿರುಗಲಿಲ್ಲ. "ನಾನು ಅಂದಿದ್ರೆ ನಮ್ಮನೆಯವರು ನನ್ನ ಸುಮ್ನೆ ಬಿಡ್ತಿದ್ರಾ? ನಿಂಗಾದ್ರೆ ಏನೂ ಆಗಲ್ಲ ಅಕ್ಕ."

ಮೂರು ತಿಂಗಳು ತನ್ನ ತಲೆಯನ್ನೇ ತಾನು ನಂಬದೆ ಬದುಕಿದ್ದವಳು ಒಲೆಯ ಮೇಲೆ ಉಕ್ಕಿದ್ದ ಹಾಲು ಒರೆಸತೊಡಗಿದಳು. ತಂಗಿ ಪರ್ಸು ಮುಚ್ಚಿ, ಉಳಿದ ಕಿತ್ತಳೆಯನ್ನು ಫ್ರಿಜ್ಜಿಗಿಟ್ಟಳು.

"ಚೆನ್ನಾಗಿತ್ತು ಇದು. ನಾಳೇನೂ ಮಾಡು, ಒಲೆ ಬೇಕಾಗಲ್ವಲ್ಲ."